ಬೂದು ಹಕ್ಕಿಗೆ ಬಿಳಿ ಮರಿ ಹೇಗೆ?

ಕಾಡುಗೋಡಿಯ ನಮ್ಮ ಬಾಡಿಗೆ ರೂಮಿನ ಬಾಲ್ಕನಿಯಲ್ಲಿ ಒಂದು ಜೊತೆ ಜೀಬ್ರಾ ಫಿಂಚ್ ಇವೆ. ಆಸ್ಟ್ರೇಲಿಯಾ ಮೂಲದ ಪುಟ್ಟ ಹಕ್ಕಿ. ನವಣೆ ತಿನ್ನುತ್ತಾ ದಿನವಿಡೀ ಪೀಪ್ ಪೀಪ್ ಅಂತಿರುತ್ತೆ. ಗಂಡು, ಹೆಣ್ಣು ಎರಡೂ ಬೂದು ಬಣ್ಣದವು. ಆದರೆ ಮೊದಲ ಸಲದ ನಾಲ್ಕು ಮರಿಗಳಲ್ಲಿ ಒಂದು ಅಚ್ಚ ಬಿಳಿ! "ಪಕ್ಕದ್ಮನೆ ಹಕ್ಕಿ ಏನಾದ್ರೂ ಬಂದಿತ್ತಾ?" ಅಂತ ರೂಮಲ್ಲೆಲ್ಲ ನಗು. ಪಾಪ, ಪಂಜರದ ಬಾಗಿಲು ತೆರೆದೇ ಇರಲಿಲ್ಲ.

ವಿಷಯ ಇಷ್ಟೇ. ಈ ಜೀನ್‌ನ ಎರಡು ಕಾಪಿ ಮರಿಗೆ ಬರುತ್ತೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಬಿಳಿ ಬಣ್ಣ ಕಾಣಬೇಕಾದರೆ ಎರಡೂ ಕಾಪಿ ಬಿಳಿಯದ್ದೇ ಆಗಿರಬೇಕು. ಒಂದೇ ಇದ್ದರೆ ಹಕ್ಕಿ ನೋಡೋಕೆ ಬೂದು, ಒಳಗೆ ಮಾತ್ರ ಬಿಳಿಯನ್ನು ಹೊತ್ತಿರುತ್ತೆ. ಸಾಕುವವರು ಇದನ್ನ 'ಸ್ಪ್ಲಿಟ್' ಅಂತಾರೆ. ಎರಡು ಸ್ಪ್ಲಿಟ್ ಹಕ್ಕಿ ಜೋಡಿಯಾದರೆ ಒಂದೊಂದು ಮರಿಯೂ ಬಿಳಿಯಾಗುವ ಸಾಧ್ಯತೆ ಶೇ. 25. ಬೂದು ಮರಿಗಳಲ್ಲೂ ಸರಾಸರಿ ಮೂರರಲ್ಲಿ ಎರಡು ಸ್ಪ್ಲಿಟ್.

ಯಾವ ಎರಡು? ನೋಡಿ ಹೇಳೋಕಾಗಲ್ಲ. ಬಿಳಿ ಹಕ್ಕಿ ಜೊತೆ ಜೋಡಿ ಮಾಡಿ ನೋಡಬೇಕು. ಒಂದೇ ಒಂದು ಬಿಳಿ ಮರಿ ಬಂದರೂ ಸ್ಪ್ಲಿಟ್ ಅನ್ನೋದು ಖಚಿತ. ಐದಕ್ಕೆ ಐದೂ ಬೂದಾದರೆ? ಸ್ಪ್ಲಿಟ್ ಹಕ್ಕಿಗೂ ಹಾಗಾಗುವ ಸಾಧ್ಯತೆ 32ರಲ್ಲಿ 1 ಇದೆ. ಅನುಮಾನ ಕಮ್ಮಿಯಾಗುತ್ತೆ, ಸೊನ್ನೆ ಆಗಲ್ಲ.

ಫಾನ್ ಅನ್ನೋ ತಿಳಿಕಂದು ಬಣ್ಣದ ಲೆಕ್ಕ ಬೇರೆ. ಹಕ್ಕಿಗಳಲ್ಲಿ ಗಂಡಿಗೆ ಎರಡು ಝಡ್ ಕ್ರೋಮೋಸೋಮ್, ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯು. ನಮ್ಮ ಎಕ್ಸ್-ವೈ ಲೆಕ್ಕಕ್ಕೆ ಉಲ್ಟಾ. ಫಾನ್ ಜೀನ್ ಇರೋದು ಝಡ್ ಮೇಲೆ. ಹಾಗಾಗಿ ಹೆಣ್ಣು ಹಕ್ಕಿ ಫಾನ್‌ಗೆ ಸ್ಪ್ಲಿಟ್ ಆಗೋಕೆ ಸಾಧ್ಯವೇ ಇಲ್ಲ. ಜೀನ್ ಇದ್ದರೆ ಬಣ್ಣ ಕಾಣಲೇಬೇಕು. ಫಾನ್ ಗಂಡಿಗೆ ಬೂದು ಹೆಣ್ಣು ಜೋಡಿಯಾದರೆ ಹೆಣ್ಣು ಮರಿಗಳೆಲ್ಲ ಫಾನ್, ಗಂಡು ಮರಿಗಳೆಲ್ಲ ಬೂದು, ಆದರೆ ಸ್ಪ್ಲಿಟ್.

ಇನ್ನು ನಾವು ಮಾಡಿದ ತಪ್ಪು. ಆ ಬಿಳಿ ಮರಿ ಹೆಣ್ಣು. ದೊಡ್ಡದಾದ ಮೇಲೆ, ಇನ್ನಷ್ಟು ಬಿಳಿ ಮರಿಗಳ ಆಸೆಗೆ, ಅದರ ಅಣ್ಣನ ಜೊತೆಗೇ ಜೋಡಿ ಮಾಡಿದೆವು. ಐದು ಮೊಟ್ಟೆ ಇಟ್ಟಿತು. ಮರಿಯಾದದ್ದು ಎರಡು, ಉಳಿದದ್ದು ಒಂದೂ ಇಲ್ಲ. ಒಂದು ಗೂಡು ನೋಡಿ ಇದೇ ಕಾರಣ ಅನ್ನೋಕಾಗಲ್ಲ, ನಿಜ. ಆದರೆ ಒಡಹುಟ್ಟಿದವರಲ್ಲಿ ಅಡಗಿದ ಜೀನ್‌ಗಳು ಒಂದೇ ಆಗಿರುವ ಸಾಧ್ಯತೆ ಜಾಸ್ತಿ. ಬಿಳಿ ಬಣ್ಣವನ್ನು ಹೊರಗೆ ತರುವ ಲೆಕ್ಕವೇ ಅಡಗಿ ಕೂತ ದೋಷಗಳನ್ನೂ ಹೊರಗೆ ತರುತ್ತೆ.

ಈಗ ಪ್ರತಿ ಮರಿ ಕಾಲಿಗೂ ನಂಬರ್ ರಿಂಗ್ ಹಾಕ್ತೀವಿ. ಎಕ್ಸೆಲ್ ಶೀಟಲ್ಲಿ ಅಪ್ಪ, ಅಮ್ಮ, ಹುಟ್ಟಿದ ದಿನ, ಬಣ್ಣ ಬರೀತೀವಿ. ಸ್ಪ್ಲಿಟ್ ಕಾಲಮ್ಮಿನಲ್ಲಿ 'ಖಚಿತ' ಅಥವಾ 'ಇರಬಹುದು'. ಜೋಡಿ ಬೇಕಾದಾಗ ಸಂಬಂಧವಿಲ್ಲದ ಹಕ್ಕಿ ತರ್ತೀವಿ. ಯಾರಿಗಾದರೂ ಮರಿ ಕೊಟ್ಟರೆ ಶೀಟಿನ ಆ ಸಾಲನ್ನೂ ಕೊಡ್ತೀವಿ. ನೀವೂ ಹಕ್ಕಿ ತರೋದಾದ್ರೆ, ಬಣ್ಣ ನೋಡೋ ಮೊದಲು ಅದರ ಅಪ್ಪ-ಅಮ್ಮ ಯಾರು ಅಂತ ಕೇಳಿ.