ಚಲಿಸುವ ಮನೆಯ ಬಚ್ಚಲು

ಸಭ್ಯರ ನಡುವೆ ಎತ್ತಬಾರದೆಂದು ನಾವೆಲ್ಲರೂ ಬದಿಗಿಟ್ಟಿರುವ ಮಾತುಗಳಲ್ಲಿ ಕಕ್ಕಸಿನ ಮಾತು ಮೊದಲನೆಯದು. ಊಟದ ವರ್ಣನೆಗೆ ನಮ್ಮ ಕವಿಗಳು ಪದ್ಯಗಳ ಮೇಲೆ ಪದ್ಯಗಳನ್ನು ಸುರಿದರು. ಉಂಡುದು ಮುಂದೆ ಏನಾಯಿತೆಂದು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಮನೆಯಲ್ಲಿರುವಷ್ಟು ಕಾಲ ಈ ಮೌನದಿಂದ ದೊಡ್ಡ ಬಾಧಕವಿಲ್ಲ. ಮನೆಯೇ ಗಾಲಿಯ ಮೇಲೇರಿ ಹೊರಟಾಗ, ಎಂದರೆ ರೈಲುಬಂಡಿಯಲ್ಲಿ ರಾತ್ರಿ ಕಳೆಯುವಾಗ, ಅಥವಾ ಈಚೆಗೆ ಬಳಕೆಗೆ ಬರುತ್ತಿರುವ ವಾಸದ ಬಂಡಿಯಲ್ಲಿ ಸಂಸಾರ ಸಮೇತ ಸಂಚಾರ ಮಾಡುವಾಗ, ಈ ಮೌನವು ಯಾರದಾದರೂ ಬಾವಿಗೆ ಹೋಗಿ ಮುಟ್ಟುತ್ತದೆ. ಆದುದರಿಂದ ವಾಚಕರು, ಅವರಲ್ಲಿಯೂ ವಿಶೇಷವಾಗಿ ಮನೆವಾರ್ತೆಯನ್ನು ನೋಡಿಕೊಳ್ಳುವ ಗೃಹಿಣಿಯರು, ಮೂಗು ಮುಚ್ಚಿಕೊಳ್ಳದೆ ಇದನ್ನು ಓದಬೇಕೆಂದು ಬೇಡುತ್ತೇವೆ.

ನಮ್ಮ ಗುತ್ತಿಗಾರು ಸುಳ್ಯದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿದೆ. ಈ ಕಡೆಯವರು ರೈಲು ಹತ್ತುವುದು ನೆಟ್ಟಣದಲ್ಲಿ. ಇಲಾಖೆಯವರು ಆ ನಿಲ್ದಾಣಕ್ಕೆ ಸುಬ್ರಹ್ಮಣ್ಯ ರೋಡ್ ಎಂದು ಹೆಸರಿಟ್ಟಿದ್ದಾರೆ. ಅಲ್ಲಿಂದ ಸಕಲೇಶಪುರದ ವರೆಗೆ ಸುಮಾರು 55 ಕಿಲೋಮೀಟರು ಘಟ್ಟದ ಹಳಿ. 57 ಸುರಂಗಗಳು, ನೂರಕ್ಕೆ ಮಿಕ್ಕ ಸೇತುವೆಗಳು, 50 ಅಡಿಗೆ 1 ಅಡಿಯ ಏರು. 1979ರಲ್ಲಿ ಮೀಟರ್ ಗೇಜಿನಲ್ಲಿ ಪ್ರಾರಂಭವಾದ ಈ ಮಾರ್ಗವನ್ನು 1996ರಲ್ಲಿ ಮುಚ್ಚಿ, ಬ್ರಾಡ್ ಗೇಜಿಗೆ ಮಾರ್ಪಡಿಸಿ, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರಿಗೆ ಮತ್ತೆ ತೆರೆದರು. ಸಿರಿಬಾಗಿಲು, ಎಡಕುಮೇರಿಗಳ ಕಾಡಿನಲ್ಲಿ ಬಂಡಿಯು ಕೊರಗುತ್ತ ಏರುವಾಗ ಕಿಟಕಿಯ ಬಳಿ ಕುಳಿತವರೆಲ್ಲರೂ ಕೆಳಗಿನ ತೊರೆಗಳನ್ನು ನೋಡಿ ಹಿಗ್ಗುತ್ತಾರೆ. ಆ ತೊರೆಗಳ ನೀರು ಕೆಂಪುಹೊಳೆ, ಗುಂಡ್ಯ ಹೊಳೆಗಳ ಮುಖಾಂತರ ಕುಮಾರಧಾರೆಗೆ ಸೇರುತ್ತದೆ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ನೇತ್ರಾವತಿಯನ್ನು ತುಂಬೆಯ ಅಣೆಕಟ್ಟಿನಲ್ಲಿ ತಡೆದು ಮಂಗಳೂರಿಗೆ ಕುಡಿಯುವ ನೀರು ಕೊಡುತ್ತಾರೆ. ಎಂದಮೇಲೆ ಘಟ್ಟದ ಹಳಿಯ ಮೇಲೆ ಬಿದ್ದುದು ಬಿದ್ದಲ್ಲಿಯೇ ಇರುವುದಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಬಹುಕಾಲ ಅದು ನೇರವಾಗಿ ಹಳಿಯ ಮೇಲೆಯೇ ಬೀಳುತ್ತಿತ್ತು. ಅದಕ್ಕೂ ಹಿಂದೆ, ಕೆಳತರಗತಿಯ ಡಬ್ಬಿಗಳಲ್ಲಿ ಕಕ್ಕಸೇ ಇರಲಿಲ್ಲ. 1909ರಲ್ಲಿ ಅಖಿಲಚಂದ್ರ ಸೇನರೆಂಬ ಬಂಗಾಳಿ ಗೃಹಸ್ಥರು ಸಾಹಿಬಗಂಜಿನ ರೈಲು ಅಧಿಕಾರಿಗಳಿಗೆ ಬರೆದ ಕಾಗದವೊಂದು ಪ್ರಸಿದ್ಧವಾಗಿದೆ. ಹಲಸಿನ ಹಣ್ಣನ್ನು ಹೊಟ್ಟೆ ತುಂಬ ತಿಂದು ಬಂಡಿಯೇರಿದ ಅವರು ಅಹಮದಪುರದ ನಿಲ್ದಾಣದಲ್ಲಿ ಇಳಿದು ಬಯಲಿಗೆ ಹೋದರಂತೆ. ಅಷ್ಟರಲ್ಲಿ ಗಾರ್ಡನು ಸೀಟಿ ಊದಿದನು. ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈಯಲ್ಲಿ ಧೋತರ ಹಿಡಿದು ಓಡಿದವರು ಎಲ್ಲರೆದುರು ಬಿದ್ದು ಮಾನ ಕಳೆದುಕೊಂಡರು. ಕೆಳತರಗತಿಗೆ ಕಕ್ಕಸು ಬಂದುದು ಆ ಕಾಗದದಿಂದಲೇ ಎಂದು ಹೇಳುವುದುಂಟು. ಹಲಸಿನ ಸೀಮೆಯವರಾದ ನಮಗೆ ಸೇನರ ಸಂಕಟವು ವಿವರಣೆಯಿಲ್ಲದೆಯೇ ತಿಳಿಯುತ್ತದೆ. ಕಕ್ಕಸು ಬಂದ ಮೇಲೆಯೂ ಸುಖವೇನೂ ಇರಲಿಲ್ಲ. ಮೂರನೆಯ ತರಗತಿಯ ಪ್ರಯಾಣವನ್ನು ಕುರಿತು ಗಾಂಧೀಜಿಯವರು 1917ರಲ್ಲಿ ಬರೆದ ಲೇಖನದಲ್ಲಿ ಡಬ್ಬಿಯ ಹೊಲಸು, ನೀರಿಲ್ಲದ ಕಕ್ಕಸು ಇವುಗಳ ವರ್ಣನೆಯಿದೆ.

ಹಳಿಯ ಮೇಲೆ ಬಿಡುವ ಪದ್ಧತಿಯಲ್ಲಿ ಪ್ರಯಾಣಿಕನಿಗೆ ಕಷ್ಟವಿರಲಿಲ್ಲ. ಕೆಳಗೊಂದು ಕೊಳವೆ, ಅದರಾಚೆ ಲೋಕವೇ ತೊಟ್ಟಿ. ಕಷ್ಟವೆಲ್ಲ ಹಳಿಗೆ ಮತ್ತು ಹಳಿಯ ಮೇಲೆ ನಡೆಯುವವರಿಗೆ. ಮಲಮೂತ್ರಗಳ ಕ್ಷಾರಗಳಿಂದ ಉಕ್ಕು ತುಕ್ಕು ಹಿಡಿಯುತ್ತದೆ. 2012ರಲ್ಲಿ ಅನಿಲ ಕಾಕೋಡ್ಕರರ ಅಧ್ಯಕ್ಷತೆಯ ರೈಲು ಸುರಕ್ಷತಾ ಸಮಿತಿಯು ಇದನ್ನು ಎತ್ತಿ ಹೇಳಿತು. ಉಕ್ಕಿಗಿಂತಲೂ ಮನುಷ್ಯನ ಮಾತು ದೊಡ್ಡದು. ಸುರಂಗದೊಳಗೆ ಸುತ್ತಿಗೆ, ಸಲಾಕೆಗಳನ್ನು ಹೊತ್ತು ನಡೆಯುವ ಹಳಿ ಕಾವಲಿನವರು ನಾವು ಬಿಟ್ಟುದರ ಮೇಲೆಯೇ ಬಗ್ಗಿ ಕೀಲುಗಳನ್ನು ಬಿಗಿಯಬೇಕಾಗಿತ್ತು. ದೊಡ್ಡ ನಿಲ್ದಾಣಗಳಲ್ಲಿ ಅದನ್ನು ಗುಡಿಸುವ ಕೆಲಸವು ತಲೆತಲಾಂತರದಿಂದ ಕೆಲವೇ ಜಾತಿಗಳವರ ಪಾಲಿಗೆ ಬಿದ್ದಿತ್ತು. ನಾವು ಸಂಸ್ಕೃತವನ್ನು ಓದಿ ಬಾಳಿದವರು. ನೀರಿನಲ್ಲಿ ಮಲಮೂತ್ರಗಳನ್ನೂ ಉಗುಳನ್ನೂ ಬಿಡಬಾರದೆಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ವಿಧಿಸುತ್ತದೆ, ಒಳ್ಳೆಯ ವಿಧಿ. ಆದರೆ ಶೌಚದ ವಿಷಯದಲ್ಲಿ ಮಣ್ಣು ಎಷ್ಟು ಸಲ, ನೀರು ಎಷ್ಟು ಸಲವೆಂದು ಲೆಕ್ಕವಿಟ್ಟ ಅದೇ ಸ್ಮೃತಿಕಾರರು, ಹೊಲಸನ್ನು ಎತ್ತುವವನ ಶೌಚದ ಬಗೆಗೆ ಅಂಥ ಲೆಕ್ಕವಿಡಲಿಲ್ಲ. ಮಲ ಬಾಚುವ ಕೆಲಸಕ್ಕೆ ಮನುಷ್ಯರನ್ನು ನೇಮಿಸಬಾರದೆಂಬ ಕಾನೂನು 1993ರಲ್ಲಿ ಬಂದಿತು. ಮೋರಿ, ಗುಂಡಿಗಳಿಗೆ ರಕ್ಷಣೆಯಿಲ್ಲದೆ ಆಳನ್ನು ಇಳಿಸುವುದನ್ನೂ ಸೇರಿಸಿ 2013ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿದರು. ರೈಲಿನ ಕಕ್ಕಸನ್ನು ಬದಲಿಸದೆ ಆ ಕಾನೂನನ್ನು ಪಾಲಿಸುವುದು ಶಕ್ಯವಿರಲಿಲ್ಲ.

ಬದಲಿಸಿದ ಬಗೆ ಹೀಗೆ. ಸಿಯಾಚಿನಿನ ಹಿಮದಲ್ಲಿರುವ ಸೈನಿಕರಿಗಾಗಿ ದೇಶದ ರಕ್ಷಣಾ ಸಂಶೋಧನಾ ಸಂಸ್ಥೆಯವರು ಮಲವನ್ನು ಜೀರ್ಣಿಸುವ ಅಣುಜೀವಿಗಳ ಒಂದು ತೊಟ್ಟಿಯನ್ನು ಮೊದಲೇ ರೂಪಿಸಿದ್ದರು. ಅದನ್ನೇ ಮಾರ್ಪಡಿಸಿ 2011ರಿಂದ ರೈಲು ಡಬ್ಬಿಗಳ ಅಡಿಗೆ ತೂಗುಹಾಕತೊಡಗಿದರು. 2020ರ ವೇಳೆಗೆ ಬಹುಮಟ್ಟಿಗೆ ಎಲ್ಲ ಪ್ರಯಾಣಿಕ ಡಬ್ಬಿಗಳಿಗೂ ಅದು ಬಂದಿತು. ಉಕ್ಕಿನ ತೊಟ್ಟಿಯೊಳಗೆ ಅಡ್ಡಗೋಡೆಗಳಿಂದ ಕೋಣೆಗಳನ್ನು ಮಾಡಿರುತ್ತಾರೆ. ಗೋಡೆಗೆ ಹುಲ್ಲುಹಾಸಿನಂಥ ಹೊದಿಕೆಯಿದ್ದು ಅಣುಜೀವಿಗಳು ಅದಕ್ಕೆ ಅಂಟಿಕೊಂಡಿರುತ್ತವೆ. ಇವು ಗಾಳಿಯ ಹಂಗಿಲ್ಲದೆ ಬದುಕುವ ಜಾತಿಯವು. ನಮ್ಮ ಕೊಟ್ಟಿಗೆಯ ಗೋಬರ್ ಗ್ಯಾಸಿನ ಗುಂಡಿಯಲ್ಲಿ ನಡೆಯುವ ಕೆಲಸವನ್ನೇ ಇಲ್ಲಿಯೂ ಮಾಡುತ್ತವೆ. ಗಟ್ಟಿಯಾದುದು ಕರಗಿ ಒಂದಷ್ಟು ಅನಿಲವಾಗಿ ಹೋಗುತ್ತದೆ. ಉಳಿದ ನೀರು ಕೋಣೆಯಿಂದ ಕೋಣೆಗೆ ಸಾಗಿ, ಕಡೆಗೆ ಕ್ಲೋರಿನ್ ತಗಲಿ, ಹೊರಗೆ ಬೀಳುತ್ತದೆ. ಆ ನೀರು ತೀರ್ಥವೇನೂ ಅಲ್ಲ. ಆದರೆ ಹಿಂದೆ ಬೀಳುತ್ತಿದ್ದುದಕ್ಕೂ ಇದಕ್ಕೂ ಹೋಲಿಕೆಯಿಲ್ಲ.

ಅಣುಜೀವಿಗೆ ಹೊಟ್ಟೆಯುಂಟು, ಹಲ್ಲಿಲ್ಲ. ಪ್ಲಾಸ್ಟಿಕ್ ಬಾಟಲಿ, ಗುಟ್ಕಾ ಚೀಟಿ, ಮಗುವಿನ ಡೈಪರು, ಹೆಂಗಸರ ಪ್ಯಾಡು, ಹರಕು ಬಟ್ಟೆ ಇವುಗಳನ್ನು ಅದು ಏನು ಮಾಡೀತು? ಮಹಾಲೇಖಪಾಲರು 2017ರಲ್ಲಿ ಸಲ್ಲಿಸಿದ ವರದಿಯಲ್ಲಿ, ಪರೀಕ್ಷಿಸಿದ ಸುಮಾರು 25,000 ಕಕ್ಕಸುಗಳಲ್ಲಿ ಒಂದೇ ವರ್ಷದಲ್ಲಿ ಕಟ್ಟಿಕೊಂಡ ಪ್ರಸಂಗಗಳು ಒಂದು ಲಕ್ಷಕ್ಕೆ ಮಿಕ್ಕಿದ್ದುವೆಂದಿದೆ. ಇಲಾಖೆಯ ನಿರ್ವಹಣೆಯ ದೋಷವೂ ಅದರಲ್ಲಿ ಸೇರಿದೆ, ಸಂದೇಹವಿಲ್ಲ. ಆದರೆ ಬಾಟಲಿಯನ್ನು ಇಲಾಖೆಯವರು ಹಾಕಲಿಲ್ಲ. ಪಯಣಕ್ಕೆ ಹೊರಡುವ ತಾಯಂದಿರು ಬುತ್ತಿಯ ಜೊತೆಗೆ ಹಳೆಯ ವೃತ್ತಪತ್ರಿಕೆಯ ನಾಲ್ಕು ಹಾಳೆ, ಬಾಯಿ ಕಟ್ಟಬಹುದಾದ ಒಂದು ಚೀಲ ಇವನ್ನು ಇಟ್ಟುಕೊಂಡರೆ ಸಾಕು. ಹಾಕಬಾರದುದನ್ನು ಸುತ್ತಿಟ್ಟು ಕಸದ ಬುಟ್ಟಿಗೆ ಹಾಕಬಹುದು. ಎಂಟು ವರ್ಷದ ಹುಡುಗನಿಗೂ ಇದನ್ನು ಒಂದೇ ಸಲ ಹೇಳಿ ಕಲಿಸಬಹುದೆಂದು ಶಾಲೆಯಲ್ಲಿ ಕಾಲ ಕಳೆದ ನಾವು ಬಲ್ಲೆವು. ಅವನ ತಂದೆಗೆ ಕಲಿಸುವುದು ಕಷ್ಟ.

ಇನ್ನು ವಾಸದ ಬಂಡಿಯ ಮಾತು. ಹಾಸಿಗೆ, ಒಲೆ, ಬಚ್ಚಲು, ಕಕ್ಕಸು ಎಲ್ಲವನ್ನೂ ಒಳಗೊಂಡು ಮೋಟಾರಿನ ಹಿಂದೆ ಎಳೆಯುವ ಅಥವಾ ತಾನೇ ಓಡುವ ಈ ಮನೆಗಳು ಅಮೆರಿಕಾದಲ್ಲಿ ಸರ್ವಸಾಧಾರಣ. ಅಲ್ಲಿ ನೆಲಸಿರುವ ನಮ್ಮವರ ಮಕ್ಕಳು ಬೇಸಗೆಯ ರಜೆಯಲ್ಲಿ ಅವನ್ನು ಬಾಡಿಗೆಗೆ ಹಿಡಿದು ಕಾಡುಮೇಡು ಸುತ್ತುತ್ತಾರೆ. ನಮ್ಮ ನೆರೆಯ ಕೇರಳ ಸರಕಾರವು ಇಂಥ ಬಂಡಿಗಳಿಗಾಗಿ 2021ರಲ್ಲಿ ಒಂದು ನೀತಿಯನ್ನೇ ಸಾರಿತು. ಕಾಸರಗೋಡಿಗೆ ಬಂದ ಬಂಡಿಗೆ ಸುಳ್ಯದ ದಾರಿ ದೂರವಲ್ಲ.

ಇದರಲ್ಲಿ ಮೂರು ತೊಟ್ಟಿಗಳಿರುತ್ತವೆ: ಒಳ್ಳೆಯ ನೀರಿನದು ಒಂದು, ಸ್ನಾನ ಮತ್ತು ಪಾತ್ರೆ ತೊಳೆದ ಬಚ್ಚಲ ನೀರಿನದು ಒಂದು, ಕಕ್ಕಸಿನದು ಒಂದು. ಕಕ್ಕಸಿನ ತೊಟ್ಟಿಯೇ ಬೇಗನೆ ತುಂಬುವುದೆಂದು ಎಲ್ಲರೂ ಭಾವಿಸುತ್ತಾರೆ; ಲೆಕ್ಕ ಬೇರೆಯಿದೆ. ಒಂದೊಂದು ತೊಟ್ಟಿಗೆ 120 ಲೀಟರು ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. ನಾಲ್ಕು ಜನರ ಸಂಸಾರವು ತಲೆಗೊಂದು ಬಕೆಟಿನಂತೆ ಮಿಂದು, ಅಡಿಗೆಯ ಪಾತ್ರೆಗಳನ್ನೂ ತೊಳೆದರೆ ದಿನಕ್ಕೆ 80 ಲೀಟರು ಬಚ್ಚಲ ನೀರು. ಒಂದೂವರೆ ದಿನಕ್ಕೆ ತೊಟ್ಟಿ ತುಂಬಿತು. ಕಕ್ಕಸಿಗೆ ಹದವಾಗಿ ನೀರು ಹಾಕಿದರೆ ದಿನಕ್ಕೆ 30 ಲೀಟರು. ಅದು ನಾಲ್ಕು ದಿನ ಬರುತ್ತದೆ. ಹಂಡೆ ಬಿಸಿನೀರನ್ನು ಮೈಮೇಲೆ ಸುರಿದುಕೊಳ್ಳದೆ ಸ್ನಾನವಾಯಿತೆಂದು ಒಪ್ಪದ ನಮ್ಮ ಕಡೆಯವರಿಗೆ ಈ ಬಂಡಿಯಲ್ಲಿ ಮೊದಲು ಕಲಿಯಬೇಕಾದುದು ಚೊಂಬಿನ ಸ್ನಾನ. ಇನ್ನೊಂದು ಮಾತು: ಎರಡು ಕೊಳಕು ತೊಟ್ಟಿಗಳೂ ತುಂಬಿದ್ದರೆ 240 ಕಿಲೋ ಭಾರವು ಬಂಡಿಯಡಿಯಲ್ಲಿ ತುಳುಕುತ್ತಿರುತ್ತದೆ. ಶಿರಾಡಿಯ ಅಥವಾ ಬಿಸಿಲೆಯ ಘಟ್ಟವನ್ನು ಅಂಥ ಭಾರದೊಡನೆ ಏರಬಾರದು, ಇಳಿಯಲಂತೂ ಬಾರದು.

ಕಕ್ಕಸಿನ ತೊಟ್ಟಿಯ ಬಾಗಿಲನ್ನು ಯಾವಾಗಲೂ ತೆರೆದಿಟ್ಟರೆ ನೀರೆಲ್ಲ ಹರಿದುಹೋಗಿ ಗಟ್ಟಿಯಾದುದು ನಡುವೆ ಗುಡ್ಡೆಯಾಗಿ ನಿಲ್ಲುತ್ತದೆ. ಆ ಮೇಲೆ ಅದನ್ನು ಕೀಳಲು ಪಡುವ ಪಾಡು ವರ್ಣಿಸತಕ್ಕುದಲ್ಲ. ಆದುದರಿಂದ ಮೂರರಲ್ಲಿ ಎರಡು ಪಾಲು ತುಂಬುವ ವರೆಗೆ ಅದನ್ನು ಮುಚ್ಚಿಯೇ ಇಟ್ಟು, ಒಮ್ಮೆಗೇ ಬಿಡಬೇಕು. ಬಿಡುವಾಗ ಮೊದಲು ಕಕ್ಕಸಿನದು, ಅನಂತರ ಬಚ್ಚಲಿನದು. ಹೀಗೆ ಮಾಡಿದರೆ ಸಾಬೂನಿನ ನೀರು ಕೊಳವೆಯನ್ನು ತಾನಾಗಿಯೇ ತೊಳೆಯುತ್ತದೆ. ಬರಿದಾದ ತೊಟ್ಟಿಗೆ ನಾಲ್ಕಾರು ಲೀಟರು ಒಳ್ಳೆಯ ನೀರು ಹಾಕಿಟ್ಟು ಮುಂದಕ್ಕೆ ಹೊರಡಬೇಕು. ಕುಡಿಯುವ ನೀರು ತುಂಬುವ ಕೊಳವೆಯನ್ನೂ ಈ ಕೊಳವೆಯನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿಡಬೇಕು, ಬೇರೆ ಬಣ್ಣದ್ದಾದರೆ ಇನ್ನೂ ಒಳಿತು. ಪಾಶ್ಚಾತ್ಯರ ತೊಟ್ಟಿಗಳು ಕಟ್ಟಿಕೊಳ್ಳುವುದು ಹೆಚ್ಚಾಗಿ ಕಾಗದದಿಂದ. ನೀರಿನಿಂದ ಶೌಚ ಮಾಡುವ ನಮಗೆ ಆ ಒಂದು ಬಾಧೆ ಇಲ್ಲ. ವಾಸನೆ ಬಂದೊಡನೆ ಫಿನಾಯಿಲನ್ನೋ ಬ್ಲೀಚಿಂಗ್ ಪುಡಿಯನ್ನೋ ಸುರಿಯುವುದು ನಮ್ಮ ಮನೆಗಳಲ್ಲಿರುವ ಅಭ್ಯಾಸ. ಅದು ವಾಸನೆಯನ್ನು ಒಂದು ದಿನ ಅಡಗಿಸುತ್ತದೆ. ಹೊಲಸನ್ನು ಜೀರ್ಣಿಸುವ ಅಣುಜೀವಿಯನ್ನು ಮಾತ್ರ ಕೊಲ್ಲುತ್ತದೆ. ಇದು ಬಂಡಿಗೆ ಹೇಳಿದ ಮಾತಾದರೂ ಮನೆಯ ಹಿತ್ತಲ ಗುಂಡಿಗೂ ಸಲ್ಲುತ್ತದೆ.

ಬಿಡುವುದೆಲ್ಲಿ ಎಂಬುದೇ ಮುಖ್ಯವಾದ ಪ್ರಶ್ನೆ. ಅಮೆರಿಕಾದಲ್ಲಿ ಬಿಡಾರದ ಬಯಲುಗಳಲ್ಲಿ ಇದಕ್ಕೆಂದೇ ಕಟ್ಟಿದ ಕುಂಡಿಗಳಿರುತ್ತವೆ. ನಮ್ಮಲ್ಲಿ ದಾರಿಯ ಬದಿಯ ತೋಡೇ ಕುಂಡಿಯೆಂದು ತಿಳಿಯುವವರಿದ್ದಾರೆ. ಒಂದು ಬೇಸಗೆಯಲ್ಲಿ, ಸುಬ್ರಹ್ಮಣ್ಯಕ್ಕೆ ಹೊರಟ ಇಂಥದೊಂದು ಬಂಡಿ ನಮ್ಮ ತೋಡಿನ ಬದಿಯಲ್ಲಿ ರಾತ್ರಿ ತಂಗಿ, ಬೆಳಗಾಗುವ ಮೊದಲೇ ತೊಟ್ಟಿಯ ಬಾಗಿಲು ತೆರೆದು ನಡೆಯಿತು. ಯಾರ ಬಂಡಿಯೋ ತಿಳಿಯಲಿಲ್ಲ. ಕೆಳಗಿನ ಕಟ್ಟದಲ್ಲಿ ನಿಂತ ನೀರನ್ನೇ ನಂಬಿದ್ದ ಐದಾರು ಮನೆಗಳವರು ಕಟ್ಟವನ್ನು ಒಡೆದು ನೀರೆಲ್ಲವನ್ನೂ ಬಿಟ್ಟುಬಿಡಬೇಕಾಯಿತು. ಮಾರ್ಚಿ ತಿಂಗಳಲ್ಲಿ ಒಡೆದ ಕಟ್ಟವು ಮತ್ತೆ ತುಂಬುವುದಿಲ್ಲ. ಆ ಮನೆಗಳ ಹೆಂಗಸರು ಮುಂಗಾರಿನ ವರೆಗೆ ಮೇಲಿನ ತೋಟದ ಬಾವಿಯಿಂದ ನೀರು ಹೊತ್ತರು, ಎರಡು ಅಡಕೆ ತೋಟಗಳು ಬಾಡಿದುವು.

ಆದುದರಿಂದ ನೆಂಟರಿಷ್ಟರು ಇಂಥ ಬಂಡಿಯಲ್ಲಿ ಮನೆಗೆ ಬಂದರೆ ಮೊದಲ ದಿನವೇ ಈ ಮಾತನ್ನು ಆಡಿ ಮುಗಿಸುವುದು ಲೇಸು. ಬಚ್ಚಲ ನೀರನ್ನು ಬಾಳೆಯ ಬುಡಕ್ಕೆ ಹರಿಯಬಿಡಬಹುದು; ನಮ್ಮ ಮನೆಗಳ ಬಚ್ಚಲಿನಿಂದ ಅದು ಹೋಗುವುದೂ ಅಲ್ಲಿಗೇ. ಕಕ್ಕಸಿನ ತೊಟ್ಟಿಯನ್ನು ಮನೆಯ ಸೆಪ್ಟಿಕ್ ಟ್ಯಾಂಕಿಗೆ ಅಥವಾ ಶೌಚದ ಗುಂಡಿಗೆ ನಿಧಾನವಾಗಿ ಬಿಡಬೇಕು. ಬಂಡಿಯವರು ತೀಕ್ಷ್ಣವಾದ ಔಷಧಿಯನ್ನು ಬಳಸಿದ್ದರೆ ಅದಕ್ಕೂ ಬಿಡಕೂಡದು, ಹೀರುವ ಯಂತ್ರದ ಲಾರಿಯವರನ್ನು ಕರೆಯಬೇಕು. ಜೋಡಿಗುಂಡಿಯಿರುವ ಮನೆಯವರು ಬಳಕೆಯಲ್ಲಿರುವ ಗುಂಡಿಗೇ ಬಿಡಬೇಕಲ್ಲದೆ ಮುಚ್ಚಿ ವಿಶ್ರಾಂತಿಗೆ ಬಿಟ್ಟ ಗುಂಡಿಯ ಹಲಗೆ ಎತ್ತಬಾರದು. ಅದು ಒಂದೂವರೆ ಎರಡು ವರ್ಷ ಹಾಗೆಯೇ ಇದ್ದರೆ ವಾಸನೆಯಿಲ್ಲದ ಕರಿಮಣ್ಣಾಗಿ ತೆಂಗಿಗೆ ಗೊಬ್ಬರವಾಗುತ್ತದೆ. ನಡುವೆ ಹೊಸ ಹೊಲಸು ಬಿದ್ದರೆ ಎಣಿಕೆಯನ್ನು ಮೊದಲಿನಿಂದ ಮಾಡಬೇಕು.

ಮಳೆಗಾಲದಲ್ಲಿ ಇದೂ ಸಾಲದು. ವರ್ಷಕ್ಕೆ 4000 ಮಿಲ್ಲಿಮೀಟರಿನ ಆಸುಪಾಸು ಮಳೆ ಸುರಿಯುವ ಈ ಸೀಮೆಯಲ್ಲಿ ಆಟಿಯ ಹೊತ್ತಿಗೆ ಮುರಕಲ್ಲಿನ ಸಂದುಸಂದುಗಳಲ್ಲಿ ಒಸರು ಏಳುತ್ತದೆ. ಗುಂಡಿಯ ನೀರು ಬಾವಿಯ ನೀರಿನೊಡನೆ ಮಾತಾಡಿಕೊಳ್ಳುವ ಕಾಲವದು. ಬಾವಿಗೆ 10 ಮೀಟರು ದೂರವೆಂಬ ಸಾಮಾನ್ಯ ನಿಯಮವು ಇಳಿಜಾರಿನಲ್ಲಿ ಹೆಚ್ಚು ಅರ್ಥವುಳ್ಳದ್ದಲ್ಲ. ಗುಂಡಿಯು ಬಾವಿಗಿಂತ ಕೆಳಗಿನ ಮಗ್ಗುಲಲ್ಲಿದೆಯೇ ಎಂದು ನೋಡಬೇಕು. ಜೂನಿನಿಂದ ಸಪ್ಟೆಂಬರಿನ ವರೆಗೆ ನಮ್ಮ ಮನೆಗೆ ಬರುವವರಿಗೆ ನಾವು ಹೇಳುವುದು ಇಷ್ಟೇ: ಬಂಡಿಯನ್ನು ಸುಳ್ಯದಲ್ಲಿಯೇ ಬಿಟ್ಟು ಬಸ್ಸಿನಲ್ಲಿ ಬನ್ನಿ, ಜಗಲಿಯಲ್ಲಿ ಹಾಸಿಗೆಯುಂಟು, ಹಿತ್ತಲಲ್ಲಿ ಕಕ್ಕಸುಂಟು, ಹಂಡೆಯಲ್ಲಿ ಬಿಸಿನೀರು ಬೇಕಾದಷ್ಟು ಉಂಟು.