ಲ್ಯಾಪ್‌ಟಾಪಿನ ಕೆಲಸಕ್ಕೆ ಟ್ಯಾಬ್ಲೆಟ್ ಸಾಕೇ?

ಕಾಳಿ ನದಿಗೆ ಕಟ್ಟಿದ ಅಣೆಕಟ್ಟುಗಳಲ್ಲಿ ಸಮುದ್ರಕ್ಕೆ ಅತಿ ಸಮೀಪದ್ದು ಕಾರವಾರ ತಾಲ್ಲೂಕಿನ ಕದ್ರಾದಲ್ಲಿದೆ. ಅಲ್ಲಿನ ಜಲವಿದ್ಯುತ್ ಕೇಂದ್ರದ ಸಾಮರ್ಥ್ಯ 150 ಮೆಗಾವಾಟ್. ನೆರೆಯ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಅಣು ಘಟಕಗಳಿವೆ. ಇಷ್ಟು ವಿದ್ಯುತ್ ಹುಟ್ಟುವ ಸೀಮೆಯಲ್ಲೂ ಮಳೆಗಾಲದಲ್ಲಿ ತಂತಿಯ ಮೇಲೊಂದು ಮರ ಉರುಳಿದರೆ ಮನೆಗಳಲ್ಲಿ ಕತ್ತಲೆಯೇ. ಗಣಕಯಂತ್ರ ಕೊಳ್ಳಲು ಹೊರಟವರಿಗೆ ಇಲ್ಲಿ ಮೊದಲು ಏಳುವ ಪ್ರಶ್ನೆ, ಕರೆಂಟು ಹೋದರೆ ಇದು ಎಷ್ಟು ಹೊತ್ತು ಬಾಳುತ್ತದೆ ಎಂಬುದು.

ಈ ಒಂದು ಪರೀಕ್ಷೆಯಲ್ಲಿ ಟ್ಯಾಬ್ಲೆಟ್ ಸುಲಭವಾಗಿ ಗೆಲ್ಲುತ್ತದೆ. ಅದು ನುಂಗುವ ವಿದ್ಯುತ್ ಕಡಿಮೆ. ಜೇಬಿನಲ್ಲಿಡುವ ಪವರ್ ಬ್ಯಾಂಕ್‌ನಿಂದಲೇ ಜೀವ ತುಂಬಬಹುದು. ಸಿಮ್ ಹಾಕುವ ಮಾದರಿಯಾದರೆ ವೈಫೈ ಹಂಗೂ ಇಲ್ಲ. ಬೆಲೆಯೂ ಕಡಿಮೆ. ಹಾಗಾದರೆ ಲ್ಯಾಪ್‌ಟಾಪ್ ಏಕೆ ಬೇಕು?

ರಾಜ್ಯ ಸರ್ಕಾರವೂ ಒಮ್ಮೆ ಹೀಗೆಯೇ ಯೋಚಿಸಿತ್ತು. ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಮೊದಲು ಕೊಡುತ್ತಿದ್ದುದು ಲ್ಯಾಪ್‌ಟಾಪ್. 2021ರ ಜೂನ್‌ನಲ್ಲಿ, ಕೋವಿಡ್‌ನಿಂದ ತರಗತಿಗಳು ಮುಚ್ಚಿದ್ದಾಗ, ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ವಿತರಣೆ ಶುರುವಾಯಿತು. ಮರುತಿಂಗಳೇ ಕಾಳಿ ಉಕ್ಕಿ, ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೆಳದಂಡೆಯ ಊರುಗಳಿಗೆ ನೆರೆ ನುಗ್ಗಿತು. ಅಂಥ ದಿನಗಳಲ್ಲಿ ಎದೆಗವಚಿಕೊಂಡು ಓಡಬಹುದಾದ ಯಂತ್ರಕ್ಕೆ ಬೆಲೆ ಇಲ್ಲದಿಲ್ಲ.

ಪಾಠ ನೋಡುವುದಕ್ಕೆ, ಪುಸ್ತಕ ಓದುವುದಕ್ಕೆ ಟ್ಯಾಬ್ಲೆಟ್ ಸಾಕು. ಬರೆಯಲು ಕುಳಿತಾಗ ಕಷ್ಟ ಶುರುವಾಗುತ್ತದೆ. ಗಾಜಿನ ಮೇಲೆ ಮೂಡುವ ಕೀಲಿಮಣೆ ಅರ್ಧ ಪರದೆಯನ್ನೇ ತಿನ್ನುತ್ತದೆ. ಬೆರಳಿಗೆ ಕೀಲಿಯ ಅಂಚು ತಾಕುವುದಿಲ್ಲವಾಗಿ ಕಣ್ಣು ಪದೇ ಪದೇ ಕೆಳಗಿಳಿಯಬೇಕು. ಕನ್ನಡದಲ್ಲಂತೂ ವ್ಯಂಜನ, ಒತ್ತು, ಗುಣಿತ ಎಂದು ಒಂದೊಂದು ಅಕ್ಷರಕ್ಕೂ ಎರಡು ಮೂರು ಬಾರಿ ಒತ್ತಬೇಕು. ಕೆ.ಪಿ. ರಾವ್ ರೂಪಿಸಿದ ವಿನ್ಯಾಸ ರೂಢಿಯಾದವರು ನಿಜವಾದ ಕೀಲಿಮಣೆಯ ಮೇಲೆ ನೋಡದೆಯೇ ಹೊಡೆಯುತ್ತಾರೆ. ಗಾಜಿನ ಮೇಲೆ ಆ ವೇಗ ಬರುವುದಿಲ್ಲ. ನಾಲ್ಕು ಸಾಲಿನ ಸಂದೇಶಕ್ಕೆ ಇದು ತೊಂದರೆಯಲ್ಲ. ನಲವತ್ತು ಪುಟದ ಯೋಜನಾ ವರದಿ ಬರೆಯಬೇಕಾದ ವಿದ್ಯಾರ್ಥಿಗೆ ಶಿಕ್ಷೆ.

ಇದಕ್ಕಿಂತ ದೊಡ್ಡ ತೊಡಕು ಕಣ್ಣಿಗೆ ಕಾಣದ್ದು. ನಮ್ಮ ಕಚೇರಿಗಳ, ಮುದ್ರಣಾಲಯಗಳ ಎರಡು ದಶಕಗಳ ಕನ್ನಡ ಕಡತಗಳಲ್ಲಿ ಬಹುಪಾಲು ಸಿದ್ಧವಾದದ್ದು ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರ ವಿನ್ಯಾಸಗಳಲ್ಲಿ, ವಿಂಡೋಸ್ ಯಂತ್ರಗಳ ಮೇಲೆ. ಅವುಗಳಲ್ಲಿ ಯಂತ್ರ ನೆನಪಿಟ್ಟುಕೊಂಡಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನು. ಮೇಲೆ ಕನ್ನಡದ ವೇಷ ತೊಡಿಸುವುದು ಆ ವಿನ್ಯಾಸ. ಆ ಕಡತವನ್ನು ಟ್ಯಾಬ್ಲೆಟ್‌ನಲ್ಲಿ ತೆರೆದರೆ ವೇಷ ಕಳಚಿ, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಬರೆದದ್ದಾದರೆ ಈ ಪಾಡಿಲ್ಲ. ಪರಿವರ್ತಿಸುವ ಸಾಧನಗಳೂ ಇವೆ. ಆದರೆ ಪಂಚಾಯಿತಿಯ ಹಳೆಯ ಠರಾವು ತುರ್ತಾಗಿ ಬೇಕಾದಾಗ ಪರಿವರ್ತಿಸುತ್ತಾ ಕೂರುವ ತಾಳ್ಮೆ ಯಾರಿಗಿದೆ?

ಕೈಯಲ್ಲಿ ಹಿಡಿಯುವ ಗಣಕದ ಕನಸು ಹಳೆಯದು. ಅಮೆರಿಕದ ಅಲನ್ ಕೇ 1972ರಲ್ಲೇ ‘ಡೈನಾಬುಕ್’ ಎಂಬ ಕಲ್ಪನೆಯನ್ನು ಮುಂದಿಟ್ಟರು. ಅವರ ಮನಸ್ಸಿನಲ್ಲಿದ್ದವರು ಗುಮಾಸ್ತರಲ್ಲ, ಮಕ್ಕಳು. ಕುತೂಹಲದ ಸಂಗತಿಯೆಂದರೆ ಅವರು ಬಿಡಿಸಿದ ಚಿತ್ರದಲ್ಲಿ ಪರದೆಯ ಕೆಳಗೆ ಕೀಲಿಮಣೆಯೂ ಇತ್ತು. ಕನ್ನಡ ನಾಡಿನಲ್ಲೂ ಒಂದು ಪ್ರಯೋಗ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ತಂತ್ರಜ್ಞರೊಡನೆ ಸೇರಿ 2001ರಲ್ಲಿ ‘ಸಿಂಪ್ಯೂಟರ್’ ಎಂಬ ಅಂಗೈ ಗಣಕವನ್ನು ತೋರಿಸಿದರು. ಕಡ್ಡಿಯಿಂದ ಮುಟ್ಟಿ ನಡೆಸುವ ಪರದೆ, ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ಸೌಲಭ್ಯ, ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಲು ಸ್ಮಾರ್ಟ್ ಕಾರ್ಡ್. ಐಪ್ಯಾಡ್ ಬಂದದ್ದು 2010ರಲ್ಲಿ ಎಂಬುದನ್ನು ನೆನೆದರೆ ಇವರ ಮುಂದಾಲೋಚನೆ ಬೆರಗು ಹುಟ್ಟಿಸುತ್ತದೆ. ಮಾರುಕಟ್ಟೆಯಲ್ಲಿ ಮಾತ್ರ ಅದು ನಿಲ್ಲಲಿಲ್ಲ. ಕೆಲವೇ ವರ್ಷಗಳಲ್ಲಿ ಮೊಬೈಲ್ ಫೋನ್ ಅದರ ಜಾಗ ಹಿಡಿಯಿತು.

ಐಪ್ಯಾಡ್ ಮಾಡಿದ ಕಂಪನಿಯೂ 2015ರಲ್ಲಿ ಅದರ ದೊಡ್ಡ ಮಾದರಿಗೆ ತಾನೇ ಕೀಲಿಮಣೆ ಮಾಡಿ ಮಾರತೊಡಗಿತು. ಕೀಲಿಮಣೆ, ಪೆನ್ನು, ಸ್ಟ್ಯಾಂಡು ಎಂದು ಸೇರಿಸುತ್ತಾ ಹೋದರೆ ಒಳ್ಳೆಯ ಟ್ಯಾಬ್ಲೆಟ್ ಸಾಧಾರಣ ಲ್ಯಾಪ್‌ಟಾಪಿನ ಬೆಲೆಯನ್ನು ಮುಟ್ಟುತ್ತದೆ, ಕೆಲವೊಮ್ಮೆ ದಾಟುತ್ತದೆ. ಅಗ್ಗ ಎಂಬ ಮಾತು ಅಲ್ಲಿಗೆ ಬಿದ್ದುಹೋಗುತ್ತದೆ.

ದಿನನಿತ್ಯದ ಕೆಲಸದಲ್ಲಿ ಕೈಯಂತ್ರ ಎಲ್ಲಿಗೆ ಸಾಕು, ಎಲ್ಲಿಗೆ ಸಾಲದು ಎಂಬುದು ಹಳ್ಳಿಯ ಮಟ್ಟದಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಬೆಳೆ ಸಮೀಕ್ಷೆಯನ್ನೇ ನೋಡಿ. ಸರ್ವೆ ನಂಬರಿನ ಗಡಿಯೊಳಗೆ ನಿಂತು ಬೆಳೆಯ ಫೋಟೊ ತೆಗೆಯಬೇಕು. ನಿಂತ ಜಾಗವನ್ನು ಯಂತ್ರವೇ ಉಪಗ್ರಹದಿಂದ ತಿಳಿಯುತ್ತದೆ. ಗದ್ದೆಯ ಬದುವಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕೂರಲಾಗದು. ಅದೇ ಗ್ರಾಮ ಆಡಳಿತ ಅಧಿಕಾರಿ ಜಾತಿ, ಆದಾಯ ಪ್ರಮಾಣಪತ್ರದ ಅರ್ಜಿಗೆ ವರದಿ ಬರೆಯಬೇಕು, ಎರಡು ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಬೇಕು, ಮುದ್ರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದಾದ್ಯಂತ ಈ ಅಧಿಕಾರಿಗಳು ಮುಷ್ಕರ ಹೂಡಿ ಮೊಬೈಲ್ ಆ್ಯಪ್‌ಗಳ ಕೆಲಸ ನಿಲ್ಲಿಸಿದಾಗ ಮುಂದಿಟ್ಟ ಬೇಡಿಕೆಗಳಲ್ಲಿ ಕುರ್ಚಿ, ಮೇಜು, ಒಳ್ಳೆಯ ಮೊಬೈಲ್ ಜೊತೆಗೆ ಲ್ಯಾಪ್‌ಟಾಪ್, ಪ್ರಿಂಟರ್, ಸ್ಕ್ಯಾನರ್ ಕೂಡ ಇದ್ದವು. ಮೇಜು ಮತ್ತು ಲ್ಯಾಪ್‌ಟಾಪನ್ನು ಒಟ್ಟಿಗೆ ಕೇಳಿದ್ದರಲ್ಲಿ ಅರ್ಥವಿದೆ. 2025ರಲ್ಲಿ ಸರ್ಕಾರ ಅವರಿಗೆ ಲ್ಯಾಪ್‌ಟಾಪ್ ಹಂಚಿತು.

ಮನೆಗೆ ಒಂದೇ ಯಂತ್ರ ಕೊಳ್ಳಬಲ್ಲವರು ಏನು ಮಾಡಬೇಕು? ಶಾಲೆಯ ಮಕ್ಕಳ ಪಾಠಕ್ಕೆ, ಹಿರಿಯರ ಓದಿಗೆ, ಬ್ಯಾಂಕಿನ ವ್ಯವಹಾರಕ್ಕೆ ಟ್ಯಾಬ್ಲೆಟ್ ಧಾರಾಳ ಸಾಕು. ಪದವಿಗೆ ಸೇರುವ ಮಗ ಮಗಳಿದ್ದರೆ, ಲೆಕ್ಕಪತ್ರ ಬರೆಯುವ ಕೆಲಸವಿದ್ದರೆ, ಕಂತು ಕಟ್ಟಿಯಾದರೂ ಲ್ಯಾಪ್‌ಟಾಪ್ ತರುವುದೇ ಲೇಸು. ಇನ್ನೂ ಅನುಮಾನವಿದ್ದರೆ, ನುಡಿಯಲ್ಲಿ ಬರೆದ ಒಂದು ಹಳೆಯ ಕಡತವನ್ನು ಪೆನ್ ಡ್ರೈವ್‌ನಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ. ಅದನ್ನು ಟ್ಯಾಬ್ಲೆಟ್‌ನಲ್ಲಿ ತೆರೆದು, ಒಂದು ಪುಟ ತಿದ್ದಿ, ಮುದ್ರಿಸಿ ತೋರಿಸಲು ಅಂಗಡಿಯವನಿಗೇ ಹೇಳಿ.