ಕಂಬಿಯನ್ನು ಹಿಡಿದಿಡುವ ಕಾಂಕ್ರೀಟು
ಮನೆ ಕಟ್ಟುವಲ್ಲಿ ಉಕ್ಕಿನ ಕಂಬಿಗಳ ಮೈಮೇಲೆ ಉಬ್ಬುಗೆರೆಗಳನ್ನು ನೀವು ನೋಡಿರಬಹುದು. ಅವು ಏತಕ್ಕೆ? ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ಎಳೆತಕ್ಕೆ ಬೇಗ ಬಿರುಕು ಬಿಡುತ್ತದೆ. ಎಳೆತವನ್ನು ಹೊರುವುದು ಕಂಬಿ. ಆದರೆ ಕಾಂಕ್ರೀಟಿನ ಹಿಡಿತ ತಪ್ಪಿ ಕಂಬಿ ಜಾರಿದರೆ, ಉಕ್ಕು ಎಷ್ಟೇ ಗಟ್ಟಿಯಾಗಿದ್ದರೂ ವ್ಯರ್ಥ.

ನುಣುಪು ಕಂಬಿಗೆ ಅಂಟು ಮತ್ತು ಘರ್ಷಣೆಯೇ ಆಸರೆ. ಉಬ್ಬುಗೆರೆಗಳಾದರೋ ಕಾಂಕ್ರೀಟನ್ನು ಹಲ್ಲಿನಂತೆ ಕಚ್ಚಿಕೊಳ್ಳುತ್ತವೆ. 2000ದ ಭಾರತೀಯ ಮಾನಕ ಐ.ಎಸ್. 456 ಇಂಥ ಕಂಬಿಗೆ ಶೇಕಡಾ 60ರಷ್ಟು ಹೆಚ್ಚು ಹಿಡಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕಾಂಕ್ರೀಟಿನ ದರ್ಜೆಯೂ ಮುಖ್ಯ. ಎಫ್‌ಇ 415 ದರ್ಜೆಯ 12 ಮಿ.ಮೀ. ಗೆರೆಕಂಬಿ ತನ್ನ ಪೂರ್ಣ ಎಳೆತವನ್ನು ಹೊರಲು ಎಂ20 ಕಾಂಕ್ರೀಟಿನಲ್ಲಿ ಸುಮಾರು 56 ಸೆಂ.ಮೀ. ಹುದುಗಿರಬೇಕು; ಎಂ40ರಲ್ಲಿ ಸುಮಾರು 36 ಸೆಂ.ಮೀ. ಸಾಕು.

ಎಣ್ಣೆ, ಮಣ್ಣು, ಸಡಿಲ ತುಕ್ಕು ಈ ಹಿಡಿತವನ್ನು ಕೆಡಿಸುತ್ತವೆ. ಕಾಂಕ್ರೀಟು ಸುರಿದ ಮೇಲೆ ತಪ್ಪು ಕಣ್ಣಿಗೆ ಬೀಳದು. ಆದ್ದರಿಂದ ಪರೀಕ್ಷಿಸಬೇಕಾದುದು ಸುರಿಯುವ ಮುನ್ನ.